ಅಣ್ಣತಮ್ಮ ಎಂಬ ನಿಯಮ

ಕಳೆದ ವಾರ ಮಣಿಪಾಲದ ಒಂದು ಮೀಟಿಂಗಿನಲ್ಲಿ ಮ್ಯಾನೇಜರೊಬ್ಬರು ನನ್ನನ್ನು ಕೇಳಿದರು, "ಮೇಡಂ, ದಿನವಿಡೀ ಓಡುವ ಡೇಟಾಬೇಸ್ ಕ್ಲಸ್ಟರಿಗೆ ವರ್ಚುವಲ್ ಮೆಷಿನ್ ಬಳಸಬಹುದಾ, ಬಾರದಾ? ಒಂದೇ ಮಾತಿನಲ್ಲಿ ಹೇಳಿ." ಒಂದೇ ಮಾತಿನಲ್ಲಿ! ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅಕ್ಕನನ್ನು ಕೇಳಿ ಬನ್ನಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಬರೆದು ಕಳಿಸುತ್ತೇನೆ" ಎಂದು ಎದ್ದು ಬಂದೆ. ಅವರಿಗೆ ಎರಡು ಪುಟದ ವರದಿ ಕಳಿಸಿದ್ದೇನೆ. ಆ ವರದಿಯಲ್ಲಿ ಬರೆಯದೆ ಬಿಟ್ಟದ್ದು ಇದು.

ನಾನು ಕಾಪುವಿನವಳು. ಅಪ್ಪ, ಅಜ್ಜ, ಮಾವಂದಿರು ಎಲ್ಲರೂ ಕಡಲಿಗೆ ಹೋದವರು. ಮದುವೆಯಾಗಿ ಹತ್ತಿರದ ಇನ್ನಂಜೆಗೆ ಬಂದೆ, ಗದ್ದೆಯ ನಡುವಿನ ಮನೆಗೆ. ಕೆಲಸ ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ. ದೋಣಿ ಮಾಲಕರ ಒಂದು ಸಂಘಕ್ಕೆ ನಾವು ಒಂದು ಪಟ್ಟಿ ಇಟ್ಟುಕೊಡುತ್ತಿದ್ದೆವು. ಯಾವ ಬೋಟು ಯಾವಾಗ ಹೊರಟಿತು, ಅದರಲ್ಲಿ ಯಾರು ಯಾರು ಇದ್ದಾರೆ, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಇಷ್ಟೇ. ಬೋಟು ನಡೆಸುವ ತಾಂಡೇಲ ಹೊರಡುವ ಮೊದಲು ತನ್ನ ಫೋನಿನಲ್ಲಿ ಹೆಸರುಗಳನ್ನು ಹಾಕಿ ಒತ್ತಿದರೆ ನಮ್ಮಲ್ಲಿಗೆ ಬಂದು ಸೇರುತ್ತಿತ್ತು. ಅದಕ್ಕೂ ಮೊದಲು ಚೀಟಿಯ ಕಾಲ. ತಾಂಡೇಲ ಬರೆದುಕೊಟ್ಟ ಚೀಟಿಯನ್ನು ಐಸ್ ಪ್ಲಾಂಟಿನ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದರು. ಚೀಟಿ ಒದ್ದೆಯಾಗುತ್ತದೆ, ಹಾರಿಹೋಗುತ್ತದೆ ಎಂದು ಸಂಘದ ಸಭೆಯಲ್ಲಿ ಎದ್ದು ಭಾಷಣ ಮಾಡಿದವಳು ನಾನೇ. ಮೊಳೆಯನ್ನೂ ಕೀಳಿಸಿದೆ.

ಮೊದಲು ಡೇಟಾಬೇಸ್ ಮೂರು ಯಂತ್ರಗಳಲ್ಲಿತ್ತು. ಮಣಿಪಾಲದ ಆಫೀಸಿನಲ್ಲಿ ಒಂದು, ಸಂತೆಕಟ್ಟೆಯ ಗೋದಾಮಿನ ಮೇಲಿನ ಕೋಣೆಯಲ್ಲಿ ಒಂದು, ಕಾರ್ಕಳದಲ್ಲಿ ಒಂದು. ಮೂರರಲ್ಲೂ ಅದೇ ಪಟ್ಟಿ. ಒಂದು ಕೆಟ್ಟರೆ ಉಳಿದ ಎರಡು ನಡೆಸಿಕೊಂಡು ಹೋಗುತ್ತವೆ. ಎರಡು ಹೋದರೆ ಮಾತ್ರ ಉಳಿದ ಒಂದು ತನ್ನನ್ನೇ ನಂಬದೆ ಬಾಯಿ ಮುಚ್ಚಿ ಕೂರುತ್ತದೆ. ಇದಕ್ಕೇ ಕ್ಲಸ್ಟರ್ ಎನ್ನುವುದು.

ಯಂತ್ರಗಳಿಗೆ ವಯಸ್ಸಾಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಹೊಸದಾಗಿ ಮೂರು ದೊಡ್ಡ ಯಂತ್ರ ತರಿಸಿ, ಅವುಗಳೊಳಗೆ ವರ್ಚುವಲ್ ಮೆಷಿನ್ ಮಾಡಿ, ಡೇಟಾಬೇಸನ್ನು ಅದರಲ್ಲಿ ಕೂರಿಸೋಣ ಎಂದೆ ನಾನು. ವರ್ಚುವಲ್ ಮೆಷಿನ್ ಎಂದರೆ ಮಣಿಪಾಲದ ಪೀಜಿ ಮನೆಯ ಹಾಗೆ. ಕಟ್ಟಡ ಒಂದು, ಒಳಗೆ ಕೋಣೆ ಹತ್ತು, ಪ್ರತಿಯೊಂದು ಕೋಣೆಯವನಿಗೂ ತಾನೇ ಮನೆಯ ಯಜಮಾನ ಎಂಬ ಭಾವನೆ. ಅದರ ದೊಡ್ಡ ಅನುಕೂಲ ಎಂದರೆ, ಓಡುತ್ತಿರುವ ಸರ್ವರನ್ನು ನಿಲ್ಲಿಸದೆ ಒಂದು ಯಂತ್ರದಿಂದ ಎತ್ತಿ ಇನ್ನೊಂದರಲ್ಲಿ ಇಡಬಹುದು.

ನಮ್ಮ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು, ಕಾರ್ಕಳದವರು. ಅರವತ್ತು ದಾಟಿದವರು. ಅವರಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ.

"ಡೇಟಾಬೇಸಿಗೆ ಯಂತ್ರ ಬೇಕಮ್ಮ, ಕೈಯಲ್ಲಿ ಮುಟ್ಟುವಂಥ ಯಂತ್ರ" ಎಂದರು. "ಈ ಎತ್ತಿ ಇಡುವುದು ಎಂತಕ್ಕೆ? ಎತ್ತಲಿಕ್ಕೆ ಬರುತ್ತದೆ ಅಂತಾದರೆ ಯಾರಾದರೂ ಎತ್ತಿಯೇ ಎತ್ತುತ್ತಾರೆ."

"ನೀವು ಯಾವ ಕಾಲದಲ್ಲಿ ಇದ್ದೀರಿ ಮಾರಾಯ್ರೆ?" ಎಂದು ಎಲ್ಲರ ಎದುರಿಗೇ ಅಂದುಬಿಟ್ಟೆ. ನನ್ನ ಬಾಯಿ ಅಂಥದ್ದು.

ಅವರು ಸಿಟ್ಟಾಗಲಿಲ್ಲ. "ಆಯ್ತು, ಮಾಡಿ. ಮೂರನ್ನೂ ಒಂದೇ ಯಂತ್ರದಲ್ಲಿ ಮಾತ್ರ ಕೂರಿಸಬೇಡಿ."

ನನಗೆ ನಗು ಬಂತು. ಕಾಪುವಿನ ಹೆಣ್ಣಿಗೆ ಇದನ್ನು ಕಾರ್ಕಳದವರು ಹೇಳಿಕೊಡಬೇಕೇ? ನಮ್ಮ ತಾಯಿಯ ಮನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು: ಒಂದೇ ಒಲೆಯ ಅನ್ನ ತಿಂದ ಅಣ್ಣತಮ್ಮಂದಿರು ಒಂದೇ ದೋಣಿ ಹತ್ತಬಾರದು. ಅಮ್ಮನ ಇಬ್ಬರು ಸೋದರಮಾವಂದಿರು ಒಂದೇ ದೋಣಿಯಲ್ಲಿ ಹೋಗಿ ಇಬ್ಬರೂ ಬರಲಿಲ್ಲವಂತೆ. ಅಂದಿನಿಂದ ಆ ಮನೆಯಲ್ಲಿ ಗಂಡು ಹುಟ್ಟಿದರೆ ಹೆಸರಿಡುವ ಮೊದಲೇ ಈ ಮಾತು ಹೇಳುತ್ತಾರೆ. "ಕಡಲಿಗೆ ಒಬ್ಬನನ್ನು ಕೊಟ್ಟರೂ ಮನೆಗೆ ಒಬ್ಬ ಉಳಿಯಬೇಕು" ಎನ್ನುತ್ತಿದ್ದಳು ಅಮ್ಮ, ತುಳುವಿನಲ್ಲಿ, ಮೀನಿಗೆ ಉಪ್ಪು ಸವರುತ್ತಾ, ನಾಳೆ ಬಸ್ಸು ಎಷ್ಟು ಗಂಟೆಗೆ ಎನ್ನುವಷ್ಟು ಸಾಮಾನ್ಯವಾಗಿ. ನಾನು ಆ ಹಿರಿಯರಿಗೆ ಇದನ್ನೆಲ್ಲ ಹೇಳಿ ಜಂಬ ಕೊಚ್ಚಿಕೊಂಡೆ. ಮೂರು ಡೇಟಾಬೇಸ್ ಮೆಷಿನ್‌ಗಳು ಎಂದೂ ಒಂದೇ ಯಂತ್ರದಲ್ಲಿ ಇರಕೂಡದು ಎಂದು ಸಾಫ್ಟ್‌ವೇರಿನಲ್ಲಿ ಒಂದು ನಿಯಮ ಬರೆದೆ. ನಿಯಮಕ್ಕೆ ಹೆಸರು ಕೊಡಬೇಕಿತ್ತು. "ಅಣ್ಣತಮ್ಮ" ಎಂದು ಇಟ್ಟೆ.

ಎರಡು ವರ್ಷ ಗಮ್ಮತ್ತಾಗಿ ನಡೆಯಿತು. ಒಮ್ಮೆಯೂ ನಿಲ್ಲಲಿಲ್ಲ. ನನಗೆ ಕೊಂಬು ಬಂತು.

ಮೂರನೆಯ ವರ್ಷದ ಮೇ ತಿಂಗಳು ಬಂತು. ಮಳೆಗಾಲದ ಮುಂಚಿನ ಗುಡುಗು ನಮ್ಮ ಜಿಲ್ಲೆಯವರಿಗೆ ಗೊತ್ತು. ಆಕಾಶದ ಮೂಲೆಯಲ್ಲಿ ಒಂದು ಸಲ ಗುರುಗುಟ್ಟಿದರೆ ಸಾಕು, ಊರಿನಲ್ಲಿ ಎಲ್ಲರೂ ಓಡಿಹೋಗಿ ಟಿವಿಯ ಪ್ಲಗ್ ಕೀಳುತ್ತಾರೆ, ಮೋಡೆಮ್ ಕೀಳುತ್ತಾರೆ, ಫ್ರಿಜ್ ಕೀಳುತ್ತಾರೆ. ಎಷ್ಟು ಓದಿದವರಾದರೂ ಅಷ್ಟೇ. ಕಾರ್ಕಳದ ಹಿರಿಯರ ಮನೆಯಲ್ಲಿ ಸಿಡಿಲಿಗೆ ಒಮ್ಮೆ ಎಲ್ಲವೂ ಸುಟ್ಟಿತ್ತು. ಹಾಗಾಗಿ ಅವರು ಮಧ್ಯಾಹ್ನ ಮೋಡ ಕಟ್ಟಿದ ಕೂಡಲೇ ಕಾರ್ಕಳದ ಯಂತ್ರವನ್ನು ಆರಿಸಿ ಪ್ಲಗ್ ಕಿತ್ತಿಡುತ್ತಿದ್ದರು. ಸಂತೆಕಟ್ಟೆಯ ಗೋದಾಮಿನವರೂ ಅದನ್ನೇ ಮಾಡತೊಡಗಿದರು. ನಾನೂ ಬೇಡ ಎನ್ನಲಿಲ್ಲ. ನಮ್ಮ ಮನೆಯಲ್ಲಿ ನಾನು ಮಾಡುವುದೂ ಅದನ್ನೇ.

ಆದರೆ ಮೂರರಲ್ಲಿ ಎರಡು ಆರಿದರೆ ಡೇಟಾಬೇಸ್ ನಿಲ್ಲುತ್ತದಲ್ಲ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮಧ್ಯಾಹ್ನದ ಮೊದಲು ಆ ಎರಡು ಮೆಷಿನ್‌ಗಳನ್ನೂ ಎತ್ತಿ, ಕಟ್ಟಡಕ್ಕೆ ಸಿಡಿಲುತಡೆ ಹಾಕಿಸಿದ್ದ ಮಣಿಪಾಲದ ಯಂತ್ರದಲ್ಲಿ ಇಡುವುದು, ಮಳೆ ನಿಂತ ಮೇಲೆ ವಾಪಸ್ ಕಳಿಸುವುದು. ಎತ್ತಲು ಹೋದರೆ "ಅಣ್ಣತಮ್ಮ" ನಿಯಮ ಅಡ್ಡ ಬಂತು. ಹೀಗೆ ಮಾಡಲಾಗದು ಎಂದು ಕೆಂಪು ಅಕ್ಷರದಲ್ಲಿ ಹೇಳಿತು. ಎರಡು ದಿನದ ಮಟ್ಟಿಗೆ ತಾನೇ ಎಂದು ನಿಯಮದ ಎದುರಿನ ಟಿಕ್ ತೆಗೆದೆ.

ಮೊದಲ ಮೂರು ದಿನ ಎತ್ತಿ ತಂದೆ, ವಾಪಸ್ ಕಳಿಸಿದೆ. ಆಮೇಲೆ ದಿನಾ ಗುಡುಗು. ಈ ಪಿರಿಪಿರಿ ಯಾರಿಗೆ ಬೇಕು, ಮಳೆಗಾಲ ಸರಿಯಾಗಿ ಹಿಡಿಯಲಿ, ಆಮೇಲೆ ನೋಡುವ ಎಂದು ಮೂರನ್ನೂ ಅಲ್ಲೇ ಬಿಟ್ಟೆ. ಪರದೆಯ ಮೇಲೆ ಮೂರು ಹಸಿರು ದೀಪ ಉರಿಯುತ್ತಲೇ ಇದ್ದವು. ಮೂರೂ ಒಂದೇ ಮಾಡಿನ ಕೆಳಗೆ ಕೂತಿವೆ ಎಂದು ಆ ದೀಪಗಳು ಹೇಳುವುದಿಲ್ಲ. ಇನ್ನೊಂದು ದಡ್ಡತನವೂ ಆಗಿತ್ತು. ಪಟ್ಟಿಯ ಬ್ಯಾಕಪ್ ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಕಾರ್ಕಳದ ಯಂತ್ರಕ್ಕೆ ಹೋಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅದರ ಪ್ಲಗ್ ಕಿತ್ತಿರುತ್ತಿತ್ತು. ಹನ್ನೊಂದು ದಿನ ಬ್ಯಾಕಪ್ ಆಗಿರಲಿಲ್ಲ. ನಾನು ನೋಡಿರಲಿಲ್ಲ.

ಜೂನ್ ಒಂದರಿಂದ ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಅದಕ್ಕೆ ಮೊದಲು ಎಲ್ಲರಿಗೂ ಕೊನೆಯ ಟ್ರಿಪ್ಪಿನ ಗಡಿಬಿಡಿ. ನನ್ನ ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ಭಾವ ಇಲ್ಲ, ತೀರಿಹೋಗಿ ಬಹಳ ವರ್ಷವಾಯಿತು. ದೊಡ್ಡವನು ಒಂದು ಬೋಟಿನಲ್ಲಿ, ಚಿಕ್ಕವನು ಇನ್ನೊಂದರಲ್ಲಿ. ಅಮ್ಮನ ಕಟ್ಟುನಿಟ್ಟು ಅಕ್ಕನ ಮನೆಯಲ್ಲೂ ನಡೆಯುತ್ತಿತ್ತು. ಆ ವಾರ ಕಡಲಿನಲ್ಲಿ ಗಾಳಿ ಎದ್ದಿತು. ಬೋಟುಗಳು ಸಿಕ್ಕಿದ ಬಂದರಿಗೆ ಓಡಿದವು, ಕೆಲವು ಕಾರವಾರಕ್ಕೆ, ಕೆಲವು ಗೋವಾಕ್ಕೆ. ದೊಡ್ಡವನ ಬೋಟಿನಿಂದ ಮಾತ್ರ ಎರಡು ದಿನ ಯಾವ ಸುದ್ದಿಯೂ ಬರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಚಿಕ್ಕವನ ಬೋಟು ಮಲ್ಪೆಗೆ ಬಂತು. ಅವನು ಅದರಲ್ಲಿ ಇರಲಿಲ್ಲ.

ಅಕ್ಕನ ಫೋನು ಬಂದಾಗ ನಾನು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ. "ಅವ ಈ ಟ್ರಿಪ್ಪಿಗೆ ಬರಲೇ ಇಲ್ಲವಂತೆ" ಎಂದಳು. ಏದುಸಿರು ಬಿಡುತ್ತಿದ್ದಳು. "ಬೇರೆ ಬೋಟಿನಲ್ಲಿ ಜಾಗ ಸಿಕ್ಕಿದೆ ಅಂತ ಅವರ ಹತ್ತಿರ ಹೇಳಿದ್ದನಂತೆ. ನನ್ನ ಹತ್ತಿರ ಹೇಳಲಿಲ್ಲ. ಯಾವ ಬೋಟು ಮಾರಾಯ್ತಿ? ಅಣ್ಣನದ್ದಾ? ನಿನ್ನ ಕಂಪ್ಯೂಟರಿನಲ್ಲಿ ಉಂಟಲ್ವಾ, ನೋಡಿ ಹೇಳು."

"ಎರಡು ನಿಮಿಷ ಅಕ್ಕ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ!

ಪರದೆ ತೆರೆದರೆ ಮೂರು ದೀಪವೂ ಇಲ್ಲ. ಹೊರಗೆ ಗುಡುಗಿಲ್ಲ, ಮಿಂಚಿಲ್ಲ, ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಮಣಿಪಾಲದ ಯಂತ್ರದಲ್ಲಿ ಡಿಸ್ಕುಗಳನ್ನು ಆಳುವ ಒಂದು ಕಾರ್ಡು, ಅಂಗೈಯಷ್ಟು ದೊಡ್ಡದು, ತನ್ನಷ್ಟಕ್ಕೆ ಸತ್ತಿತ್ತು. ಅದರೊಂದಿಗೆ ಮೂರು ಮೆಷಿನ್‌ಗಳೂ ಹೋಗಿದ್ದವು. ನಾನು ನೆಲದ ಮೇಲೆ ಕೂತೆ. ಊರಿನ ಬೋಟುಗಳ ಪಟ್ಟಿಯನ್ನೆಲ್ಲ ಕಾಯುವವಳು, ನನ್ನ ಮನೆಯದ್ದೇ ಎರಡು ಹೆಸರು ಹೇಳಲು ನನಗೆ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಬಂದರಿನ ಅಧಿಕಾರಿಯೊಬ್ಬರು ಫೋನು ಮಾಡಿದರು. ಹುಡುಕಾಟಕ್ಕೆ ಹೊರಟವರಿಗೆ ಎಷ್ಟು ಜನ ಎಂದು ಬೇಕಂತೆ. ಬೋಟಿನ ಮಾಲಕರನ್ನು ಕೇಳಿದರೆ, "ಯಾವಾಗಲೂ ಆರು ಜನ. ತಾಂಡೇಲ ಯಾರನ್ನಾದರೂ ಹತ್ತಿಸಿದ್ದರೆ ಅದು ಕಂಪ್ಯೂಟರಿನಲ್ಲೇ ಇರುತ್ತದಲ್ಲ" ಎಂದಿದ್ದರು. ಸಂಜೆಯೊಳಗೆ ಹೇಳುತ್ತೇನೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಮತ್ತೆ ಮಾಡಿದಳು. ಮತ್ತೆ. ಒಂಬತ್ತೂವರೆಯ ಹೊತ್ತಿಗೆ ನಾಲ್ಕನೆಯ ಸಲ. "ಎಂತ ಆಯ್ತು? ಎರಡು ನಿಮಿಷ ಅಂದಿದ್ದೆ."

"ಯಂತ್ರ ಹಾಳಾಗಿದೆ ಅಕ್ಕ."

"ಮೂರು ಉಂಟು ಅಂತ ಹೇಳಿದ್ದೆಯಲ್ಲ ನೀನು? ಒಂದು ಹೋದರೂ ಎರಡು ಉಂಟು ಅಂತ?"

ಮದುವೆ ಮನೆಗಳಲ್ಲಿ, ತೊಟ್ಟಿಲ ಮನೆಗಳಲ್ಲಿ ಎಷ್ಟು ಸಲ ಹೇಳಿಕೊಂಡು ತಿರುಗಿದ್ದೆ ಅದನ್ನು.

ಕಾರ್ಕಳದ ಹಿರಿಯರಿಗೆ ವಿಷಯ ಹೇಳಿದೆ. ಬಯ್ಯಬೇಕಿತ್ತು ಅವರು. ನಾನು ಅವರ ಜಾಗದಲ್ಲಿದ್ದರೆ ಬೊಬ್ಬೆ ಹಾಕುತ್ತಿದ್ದೆ. "ಡಿಸ್ಕು ಮುಟ್ಟಬೇಡಿ, ನಾನು ಬರುತ್ತೇನೆ" ಎಂದರು, ಅಷ್ಟೇ. ಸಿಕ್ಕಿದ ಬಸ್ಸು ಹತ್ತಿ ಹನ್ನೊಂದಕ್ಕೆ ಮಣಿಪಾಲಕ್ಕೆ ಬಂದರು. ಕುತ್ತಿಗೆಗೆ ಒದ್ದೆ ಟವೆಲು, ಕೈಯಲ್ಲಿ ಸ್ಕ್ರೂಡ್ರೈವರಿನ ಚೀಲ.

ಅವರು ಹೇಳಿದ ದಾರಿ ಒಂದೇ ಇತ್ತು. ಸಂತೆಕಟ್ಟೆಯ ಯಂತ್ರ ಇದರ ಜೋಡಿ, ಒಟ್ಟಿಗೇ ತರಿಸಿದ್ದು, ಅದೇ ಜಾತಿಯ ಕಾರ್ಡು. ಇಲ್ಲಿಯ ಡಿಸ್ಕುಗಳನ್ನು ಬಿಚ್ಚಿ ಅಲ್ಲಿಗೆ ಹೊತ್ತುಕೊಂಡು ಹೋಗಿ ಹಾಕಿದರೆ ಓದಲೂಬಹುದು. ಡಿಸ್ಕುಗಳ ಮೇಲೆಲ್ಲ ಕನ್ನಡ ಅಂಕಿಗಳಲ್ಲಿ ೧, ೨, ೩ ಎಂದು ಬರೆದದ್ದು ಕಂಡಿತು. ಯಂತ್ರ ಬಂದ ದಿನವೇ ಅವರು ಮಾರ್ಕರಿನಲ್ಲಿ ಬರೆದಿಟ್ಟಿದ್ದರು. ಮಕ್ಕಳ ಕಾಪಿ ಪುಸ್ತಕದ ಹಾಗೆ ಎಂತದ್ದು ಇದು ಎಂದು ಆವತ್ತು ನಕ್ಕಿದ್ದೆ.

ಎಂಟು ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿ, ನನ್ನ ಊಟದ ಚೀಲದಲ್ಲಿ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು ಹಿರಿಯರೊಂದಿಗೆ ರಿಕ್ಷಾ ಹತ್ತಿದೆ. ಸಂತೆಕಟ್ಟೆಯ ಹತ್ತಿರ ಹೆದ್ದಾರಿ ಅಗೆದು ಹಾಕಿದ್ದರು. ಲಾರಿಗಳು ಕಲ್ಯಾಣಪುರದವರೆಗೆ ಸಾಲುಗಟ್ಟಿ ನಿಂತಿದ್ದವು. ಮುಕ್ಕಾಲು ಗಂಟೆ ಒಂದೇ ಕಡೆ. ರಿಕ್ಷಾದವನು ಹೊಂಡಕ್ಕೆ ಇಳಿಸಿದಾಗಲೆಲ್ಲ ಚೀಲವನ್ನು ಮೇಲಕ್ಕೆತ್ತಿ ಹಿಡಿದೆ, ಹಸುಗೂಸನ್ನು ಎತ್ತಿದ ಹಾಗೆ. "ಮೊಟ್ಟೆಯಾ ಅಕ್ಕ?" ಎಂದ ಅವನು. ನಾನು ಅವನ ಮೇಲೆ ಹಾರಿಬಿದ್ದೆ. ಪಾಪ, ಅವನದೇನು ತಪ್ಪು!

ಸಂತೆಕಟ್ಟೆಯ ಕೋಣೆಯಲ್ಲಿ ಹಿರಿಯರು ಅಂಕಿ ನೋಡಿ ನೋಡಿ ಡಿಸ್ಕು ಹಾಕಿದರು. ಯಂತ್ರ ಏಳುವಾಗ ಒಂದು ಪ್ರಶ್ನೆ ಕೇಳಿತು: ಈ ಡಿಸ್ಕುಗಳು ನನ್ನವಲ್ಲ, ಇದ್ದ ಹಾಗೆ ಸೇರಿಸಿಕೊಳ್ಳಲೋ, ಅಳಿಸಿ ಹೊಸದಾಗಿ ಶುರು ಮಾಡಲೋ? ಎರಡು ಸಾಲು, ಒಂದರ ಕೆಳಗೆ ಒಂದು. ತಪ್ಪು ಸಾಲಿನ ಮೇಲೆ ಒಂದು ಸಲ ಒತ್ತಿದರೆ ಪಟ್ಟಿ ನಾಶ. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವಳು, ಎಂಟರ್ ಒತ್ತಲು ಬರಲಿಲ್ಲ ನನಗೆ. ಅಳು ಬಂತು, ಅತ್ತುಬಿಟ್ಟೆ. ಹಿರಿಯರು ಕನ್ನಡಕ ಮೇಲೆ ಮಾಡಿಕೊಂಡು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಅವರೇ ಒತ್ತಿದರು.

ಮೆಷಿನ್‌ಗಳು ಒಂದೊಂದಾಗಿ ಎದ್ದವು. ಡೇಟಾಬೇಸ್ ತನ್ನ ಅರ್ಧಕ್ಕೆ ನಿಂತ ಕೆಲಸವನ್ನು ಸರಿಮಾಡಿಕೊಳ್ಳಲು ಎರಡು ಗಂಟೆ ತೆಗೆದುಕೊಂಡಿತು. ಮೋಡ ಕಟ್ಟಿತು. ಗುಡುಗು ಶುರುವಾಯಿತು. ಗೋದಾಮಿನವರು ಪ್ಲಗ್ ಕೀಳಲು ಮೇಲೆ ಬಂದರು. ಬಾಗಿಲಿಗೆ ಅಡ್ಡ ನಿಂತು, "ಮುಟ್ಟಿದರೆ ನೋಡಿ!" ಎಂದು ಕಿರುಚಿದೆ. ನನಗೆ ಮಂಡೆ ಸಮ ಇಲ್ಲ ಎಂದು ಮಾತಾಡಿಕೊಂಡು ಇಳಿದು ಹೋದರು.

ಐದೂ ಮುಕ್ಕಾಲಕ್ಕೆ ಪಟ್ಟಿ ತೆರೆಯಿತು. ದೊಡ್ಡವನ ಬೋಟಿನ ನಂಬರು ಹಾಕಿದೆ. ಏಳು ಸಾಲು ಬಂದವು.

ಏಳನೆಯದು ಚಿಕ್ಕವನ ಹೆಸರು.

ದೊಡ್ಡವನ ಹೆಸರಿನ ಎದುರು, ಯಾರಿಗೆ ತಿಳಿಸಬೇಕು ಎನ್ನುವಲ್ಲಿ, ಅಕ್ಕನ ಫೋನ್ ನಂಬರ್ ಇತ್ತು. ಚಿಕ್ಕವನ ಹೆಸರಿನ ಎದುರು ಇದ್ದದ್ದು ನನ್ನ ನಂಬರ್. ಸಂಬಂಧ: ಚಿಕ್ಕಮ್ಮ. ಅಮ್ಮನಿಗೆ ಗೊತ್ತಾಗಬಾರದು ಎಂದು ಹಾಗೆ ಬರೆಸಿದ್ದ, ಬೇರೆ ಅರ್ಥವೇ ಇಲ್ಲ. ಒಂದೇ ಒಂದು ಟ್ರಿಪ್ಪು, ವರ್ಷದ ಕೊನೆಯದು, ಅಣ್ಣನೊಟ್ಟಿಗೆ. ಬೈಸಿಕೊಳ್ಳುವುದಾದರೆ ಚಿಕ್ಕಮ್ಮನಿಂದ ಬೈಸಿಕೊಳ್ಳುವ ಎಂದುಕೊಂಡಿರಬೇಕು. ನಾನು ಬೈದರೂ ಆಮೇಲೆ ನಗುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ಅಧಿಕಾರಿಗೆ ಫೋನು ಮಾಡಿದೆ. "ಆರಲ್ಲ, ಏಳು ಜನ" ಎಂದೆ. ಹೆಸರುಗಳನ್ನು ಓದಿ ಹೇಳಿದೆ. ಅವರು ಬರೆದುಕೊಂಡರು.

ಫೋನು ಇಟ್ಟ ಕೂಡಲೇ ಅಕ್ಕನದ್ದು ಬಂತು. ಈಗ ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. ಅಳು ಮುಗಿದ ಮೇಲಿನ ಧ್ವನಿ ಅದು. "ಸಿಕ್ಕಿತಾ? ಹೇಳು. ಒಬ್ಬನಾ, ಇಬ್ಬರೂವಾ?"

"ಒಬ್ಬನೇ" ಎಂದೆ. "ಚಿಕ್ಕವನು ಅದರಲ್ಲಿ ಇಲ್ಲ ಅಕ್ಕ."

ಯಾಕೆ ಹೇಳಿದೆ? ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಯೋಚಿಸಿ ಹೇಳಿದ್ದಲ್ಲ. ಮನೆಗೆ ಒಬ್ಬ ಉಳಿಯಬೇಕು ಎಂಬ ಮಾತು ಹುಟ್ಟಿದಂದಿನಿಂದ ಕೇಳಿದ್ದೆ. ಅವಳ ಮನೆಗೆ ಒಬ್ಬನನ್ನು ಉಳಿಸಿಕೊಟ್ಟೆ, ಬಾಯಿಮಾತಿನಲ್ಲಾದರೂ. "ಹಾಗಾದರೆ ಯಾವ ಬೋಟು?" ಎಂದಳು. "ಕಾರವಾರದಲ್ಲಿ ನಿಂತ ಬೋಟು. ಅಲ್ಲಿ ನೆಟ್‌ವರ್ಕ್ ಇಲ್ಲ" ಎಂದೆ. ಒಂದು ಸುಳ್ಳಿಗೆ ಇನ್ನೊಂದು. ಅತ್ತ ಕಡೆ ಅವಳು ದೇವರೇ ದೇವರೇ ಎಂದು ಉಸಿರು ಬಿಟ್ಟಳು. ಎರಡು ದಿನದಿಂದ ಗಂಜಿ ಮುಟ್ಟಿರಲಿಲ್ಲ, ಈಗ ಎರಡು ತುತ್ತು ಉಣ್ಣುತ್ತೇನೆ ಎಂದಳು.

ಹಿರಿಯರು ಎಲ್ಲ ಕೇಳಿಸಿಕೊಂಡಿದ್ದರು. "ನಾಳೆ ಎಂತ ಹೇಳುತ್ತೀರಿ?" ಎಂದರು.

"ನಾಳೆ ನೋಡುವ" ಎಂದೆ. ಎರಡು ದಿನದ ಮಟ್ಟಿಗೆ ನಿಯಮದ ಟಿಕ್ ತೆಗೆದವಳೂ ನಾನೇ ತಾನೇ.

ಆ ಮ್ಯಾನೇಜರಿಗೆ ನಾನು ಬರೆದ ವರದಿಯಲ್ಲಿ ಇಷ್ಟು ಉಂಟು: ವರ್ಚುವಲ್ ಮೆಷಿನ್ ಬಳಸಬಹುದು, ತಪ್ಪೇನೂ ಇಲ್ಲ. ಆದರೆ ಪ್ರತಿದಿನ ಒಬ್ಬರು ಎದ್ದು ಹೋಗಿ, ಯಾವುದು ಯಾವ ಕಬ್ಬಿಣದ ಮೇಲೆ ಕೂತಿದೆ ಎಂದು ಕಣ್ಣಾರೆ ನೋಡಬೇಕು. ಹಸಿರು ದೀಪವನ್ನು ನಂಬಬಾರದು. ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಬ್ಯಾಕಪ್ಪನ್ನು ಗುಡುಗಿನ ಹೊತ್ತಿಗೆ ಇಡಬಾರದು. ಇದನ್ನೆಲ್ಲ ಬರೆಯುವುದು ಸುಲಭ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪಟ್ಟಿ ತೆರೆದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಧಿಕಾರಿ ಫೋನು ಮಾಡಿದರು. ದೊಡ್ಡವನ ಬೋಟಿಗೆ ನೀರು ನುಗ್ಗಿ ಇಂಜಿನ್ ನಿಂತಿತ್ತಂತೆ. ದಾರಿಯಲ್ಲಿ ಇನ್ನೊಂದು ಬೋಟಿನವರು ಕಂಡು, ಇದ್ದವರನ್ನು ಹತ್ತಿಸಿಕೊಂಡು ಮಲ್ಪೆಗೆ ಬರುತ್ತಿದ್ದಾರಂತೆ. "ಆದರೆ ಮೇಡಂ" ಎಂದರು, "ನೀವು ಏಳು ಅಂದಿರಿ. ವಯರ್‌ಲೆಸ್ಸಿನಲ್ಲಿ ಆರು ಅಂದ ಹಾಗೆ ಕೇಳಿತು. ಹೆಸರು ಸರಿ ಕೇಳಿಸಲಿಲ್ಲ. ನೀವು ಸರಿಯಾಗಿ ನೋಡಿದ್ದೀರಿ ಅಲ್ವಾ?"

ಸರಿಯಾಗಿ ನೋಡಿದ್ದೆ.

ಏಳರಲ್ಲಿ ಒಬ್ಬರಿಲ್ಲ. ಯಾರು ಎಂದು ಗೊತ್ತಿಲ್ಲ. ಇನ್ನೊಬ್ಬರ ಮನೆಯವನಾಗಲಿ ಎಂದು ದೇವರನ್ನು ಬೇಡಿಕೊಂಡೆ. ಹೌದು, ಬೇಡಿಕೊಂಡೆ, ಮುಚ್ಚಿಡುವುದು ಎಂತಕ್ಕೆ? ಮಿಕ್ಕ ಐದು ಹೆಸರುಗಳೂ ನನಗೆ ಬಾಯಿಪಾಠವಾಗಿದ್ದವು. ಅವರಿಗೂ ಅಮ್ಮ, ಹೆಂಡತಿ ಇದ್ದಾರೆ, ಅವರ ನಂಬರುಗಳೂ ನನ್ನ ಪಟ್ಟಿಯಲ್ಲೇ ಉಂಟು. ಆದರೂ ಬೇಡಿಕೊಂಡೆ.

ಅಷ್ಟರಲ್ಲಿ ಬೋಟಿನ ಮಾಲಕರು ಅಕ್ಕನಿಗೆ ಫೋನು ಮಾಡಿ, ಆರು ಜನ ಬರುತ್ತಿದ್ದಾರೆ, ಎಲ್ಲರೂ ಕ್ಷೇಮ ಎಂದುಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಇದ್ದದ್ದೇ ಆರು. ಅಕ್ಕ ನನಗೆ ಫೋನು ಮಾಡಿ ನಗುತ್ತಾ ಅತ್ತಳು. ಕಾಪುವಿನಿಂದ ನನ್ನ ಸ್ಕೂಟರಿನಲ್ಲೇ ಅವಳನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಹಿಂದಿನಿಂದ ಮಾತಾಡುತ್ತಲೇ ಇದ್ದಳು. ಅವಳ ಚೀಲದಲ್ಲಿ ಒಂದು ಫ್ಲಾಸ್ಕು, ಇಸ್ತ್ರಿ ಮಾಡಿದ ಒಂದು ಅಂಗಿ. ಒಂದೇ ಅಂಗಿ. ಸಂತೆಯ ಜನದ ನಡುವೆ ಕೂಡ ಅವಳು ಹೀಗೆ ವಟಗುಟ್ಟಿದ್ದನ್ನು ನಾನು ಕೇಳಿರಲಿಲ್ಲ. ಉದ್ಯಾವರದ ಸೇತುವೆಯ ಮೇಲೆ ಹೇಳಬೇಕೆಂದುಕೊಂಡೆ. ಉಡುಪಿಯ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಹೇಳಬೇಕೆಂದುಕೊಂಡೆ. ದೀಪ ಹಸಿರಾಯಿತು, ಸ್ಕೂಟರು ಮುಂದೆ ಬಿಟ್ಟೆ.

ಮಲ್ಪೆಯ ಧಕ್ಕೆಯಲ್ಲಿ, ಬೋಟು ಬಂದು ನಿಲ್ಲುವ ಕಲ್ಲುಕಟ್ಟೆಯ ಮೇಲೆ, ಜನ ಸೇರಿದ್ದರು. ಬೋಟು ನಿಧಾನಕ್ಕೆ ತಿರುಗಿ ಬದಿಗೆ ಬಂತು. ಅಕ್ಕ ಬೆರಳು ಮಡಚಿ ಎಣಿಸಿದಳು. "ಆರೂ ಇದ್ದಾರೆ ನೋಡು" ಎಂದಳು. ನಾನು ಎಣಿಸಲಿಲ್ಲ. ಒಂದೊಂದೇ ಮುಖ ನೋಡಿದೆ. ತಾಂಡೇಲ. ಅವನ ಭಾವ. ಗಂಗೊಳ್ಳಿಯ ಇಬ್ಬರು. ಅಡುಗೆಯವ. ಕೊನೆಯಲ್ಲಿ ದೊಡ್ಡವನು. ಅವನ ಹಿಂದೆ ಯಾರೂ ಇರಲಿಲ್ಲ.

ಅವನು ಇಳಿದ. ತುಟಿ ಒಡೆದಿತ್ತು, ಕೈಯ ಚರ್ಮ ಹಗ್ಗಕ್ಕೆ ಸುಲಿದಿತ್ತು. ಅಮ್ಮನ ಮುಖ ನೋಡಲು ಅವನಿಂದ ಆಗಲಿಲ್ಲ, ಧಕ್ಕೆಯ ಕಲ್ಲು ನೋಡಿಕೊಂಡು ನಿಂತ. ಅಕ್ಕ ಓಡಿಹೋಗಿ ಅವನನ್ನು ತಬ್ಬಿದಳು, ಬೆನ್ನು ತಟ್ಟಿದಳು, ಒದ್ದೆ ಬನಿಯನ್ನಿನ ಮೇಲೆಯೇ ಅಂಗಿ ತೊಡಿಸತೊಡಗಿದಳು. ಅವನು ಕೈ ಎತ್ತಿಕೊಟ್ಟ, ಸಣ್ಣವನಿದ್ದಾಗ ಕೊಡುತ್ತಿದ್ದ ಹಾಗೆ.

"ಅಮ್ಮ" ಎಂದ. "ಅಮ್ಮ, ತಮ್ಮ..."

"ಅವನದ್ದು ಮಂಡೆಬೆಚ್ಚ ಮಾಡಬೇಡ ಮಗಾ" ಎಂದಳು ಅಕ್ಕ, ಗುಂಡಿ ಹಾಕುತ್ತಾ. "ಅವ ಕಾರವಾರದಲ್ಲಿ ಇದ್ದಾನೆ. ನಾಳೆ ನಾಡಿದ್ದು ಬರುತ್ತಾನೆ. ಚಿಕ್ಕಮ್ಮ ಕಂಪ್ಯೂಟರಿನಲ್ಲಿ ನೋಡಿದ್ದಾಳೆ."

ದೊಡ್ಡವನು ತಲೆ ಎತ್ತಿದ. ನನ್ನನ್ನು ನೋಡಿದ. ಆ ಮುಖದಲ್ಲಿ ನಿಧಾನಕ್ಕೆ ಬೆಳಕು ಬಂತು. ಅವನ ಎರಡೂ ಕೈಗಳು ಬಂದು ನನ್ನ ತೋಳನ್ನು ಹಿಡಿದವು.

"ಸಿಕ್ಕಿದನಾ ಚಿಕ್ಕಮ್ಮ?" ಎಂದ. "ಯಾರಾದರೂ ನೀರಿನಿಂದ ಎತ್ತಿದರಾ ಅವನನ್ನು?"

ಅಕ್ಕನ ಕೈ ಗುಂಡಿಯ ಮೇಲೆ ನಿಂತಿತು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.